ಬಾರದವನ ಹಾಡು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯಿಂದ ಬಂದು ಕೂತ ಗೆಳೆಯರೇ,

ಸತ್ತವರಿಗೆ ಅಳುವುದಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ. ಮಣ್ಣು ಕೊಡುತ್ತೇವೆ, ದಿನ ಮಾಡುತ್ತೇವೆ, ಮಹಾಲಯ ಅಮಾವಾಸ್ಯೆಗೆ ಎಡೆ ಇಡುತ್ತೇವೆ. ಕಾಣೆಯಾದವನಿಗೆ ಇದ್ಯಾವುದೂ ಇಲ್ಲ. ಎಡೆ ಇಟ್ಟರೆ ಮನೆಯವರೇ ಅವನನ್ನು ಸಾಯಿಸಿದಂತೆ. ಇಡದಿದ್ದರೆ ಎಲ್ಲಿ ಹಸಿದಿದ್ದಾನೋ ಎಂಬ ಸಂಕಟ. ಏಳು ವರ್ಷ ಸುದ್ದಿ ಸಿಗದಿದ್ದರೆ ಸತ್ತನೆಂದು ಭಾವಿಸಬಹುದು ಎನ್ನುತ್ತದೆ ಕಾನೂನು. ಪಹಣಿ ಬದಲಿಸಲು ಅದು ಸಾಕು, ಹೆತ್ತವಳಿಗೆ ಸಾಲದು. "ಇದ್ದಾನೋ ಇಲ್ಲೋ, ಅಷ್ಟರೆ ಹೇಳ್ರಿ" ಅನ್ನುತ್ತಾಳೆ ಅವಳು.

ಚರಮಗೀತೆ ಬೀಳ್ಕೊಡುವ ಪದ್ಯ. ಬೀಳ್ಕೊಡಲು ಒಪ್ಪದವರಿಗೆ ಬೇರೆಯದೇ ಕಾವ್ಯ ಬೇಕು. ಅದು ಕನ್ನಡದಲ್ಲಿ ಎಂಟು ನೂರು ವರ್ಷಗಳ ಹಿಂದೆಯೇ ಬಂದಿದೆ. ರಾಘವಾಂಕನ 'ಹರಿಶ್ಚಂದ್ರ ಕಾವ್ಯ'ದಲ್ಲಿ ಲೋಹಿತಾಶ್ವ ಕಾಡಿಗೆ ಹೋದವನು ಹೊತ್ತು ಮುಳುಗಿದರೂ ಬರುವುದಿಲ್ಲ. ಮಗನ ಹೆಣದ ಮುಂದೆ ಚಂದ್ರಮತಿ ಗೋಳಾಡುವುದನ್ನು ನಮ್ಮ ನಾಟಕ ಕಂಪನಿಗಳು ಬೇಕಾದಷ್ಟು ಆಡಿವೆ. ನನಗೆ ಅದಕ್ಕಿಂತ ದೊಡ್ಡದೆನಿಸುವುದು ಅದರ ಹಿಂದಿನ ಘಳಿಗೆ: ಅವಳು ಬಾಗಿಲಲ್ಲಿ ನಿಂತು ಕಾಯುವುದು. ದಾರಿ ತಪ್ಪಿತೇ, ಹುಲಿ ಹಿಡಿಯಿತೇ, ಕಳ್ಳರು ಒಯ್ದರೇ ಎಂದು ಅನುಮಾನದ ಮೇಲೆ ಅನುಮಾನ. ಅವುಗಳಲ್ಲಿ ಹಾವೂ ಒಂದು. ನಡೆದದ್ದು ಅದೇ; ಆದರೆ ಅವಳ ಪಾಲಿಗೆ ಅದಿನ್ನೂ ಹತ್ತರಲ್ಲಿ ಒಂದು ಊಹೆ. ಲೋಹಿತಾಶ್ವನ ಗುಣಗಾನವಿಲ್ಲ, ಬರೀ ಪ್ರಶ್ನೆ. ಆಮೇಲೆ ಸುದ್ದಿ ಬಂದರೂ, ಕೆಲಸ ಮುಗಿಯದೆ ಹೋಗಬೇಡವೆನ್ನುತ್ತಾನೆ ಅವಳನ್ನು ದಾಸಿಯಾಗಿ ಕೊಂಡ ಒಡೆಯ. ಕಾಣೆಯಾದವರ ಮನೆಯ ಹೆಂಗಸು ಕೂಲಿ ತಪ್ಪಿಸಿ ಹುಡುಕಲು ಹೋಗಲಾರಳು ಎಂಬುದನ್ನು ರಾಘವಾಂಕ ಬಲ್ಲ.

ದೂರದ ಕಥೆಯಾಯಿತು ಅನ್ನಬೇಡಿ. ಹೈದರಾಬಾದ್ ಸಂಸ್ಥಾನದ ಕೊನೆಯ ದಿನಗಳ ರಜಾಕಾರರ ಹಾವಳಿಯಲ್ಲಿ ಈ ಸೀಮೆಯ ಎಷ್ಟೋ ಮನೆಗಳು ಚದುರಿದವು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬಳಿಕ ಮುಸ್ಲಿಮರ ಮನೆಗಳಿಗೆ ಅದೇ ಗತಿ ಬಂತು. ನೆಹರೂ ಕಳಿಸಿದ ಸುಂದರಲಾಲ್ ಸಮಿತಿ ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾವನ್ನೂ ಎಣಿಸಿತು. ಆ ವರದಿ ದಶಕಗಟ್ಟಲೆ ಹೊರಬರಲಿಲ್ಲ. ಸರ್ಕಾರವೇ ಸುಮ್ಮನಿದ್ದಾಗ ಮನೆಯವರು ಯಾರನ್ನು ಕೇಳಬೇಕು?

ಹೀಗೆ ಕಾಯುವವರಿಗೆ ಹೊಂದುವ ಹಾಡು ನಮ್ಮಲ್ಲಿದೆ. ನಮ್ಮ ಭಾಗದಲ್ಲಿ ಕನ್ನಡ ಗಜಲ್ ಇಷ್ಟು ಸಲೀಸಾಗಿ ಬೇರೂರಿದ್ದಕ್ಕೆ ಉರ್ದುವಿನ ಒಡನಾಟ ಕಾರಣ, ನಿಜ. ರಾಯಚೂರಿನ ಶಾಂತರಸರು ಅದನ್ನು ತಂದರು, ಅವರ ಮಗಳು ಮುಕ್ತಾಯಕ್ಕ ಬೆಳೆಸಿದರು. ಆದರೆ ಗಜಲಿನ ಕಟ್ಟೂ ಕಾಯುವವರ ಮನಸ್ಸಿಗೆ ಹೊಂದುತ್ತದೆಂಬುದು ನನ್ನ ಅನಿಸಿಕೆ. ಪ್ರತಿ ಶೇರ್, ಅಂದರೆ ದ್ವಿಪದಿ, ಬೇರೆ ದಿಕ್ಕಿಗೆ ಹೊರಟು ಕೊನೆಗೆ ಮರುಕಳಿಸುವ ಅದೇ ಪದಕ್ಕೆ, ರದೀಫಿಗೆ, ಬಂದು ನಿಲ್ಲುತ್ತದೆ. ಕಥೆ ಮುಂದೆ ಸಾಗುವುದಿಲ್ಲ. ಸಾಗಬೇಕೆಂದು ಕೇಳುಗರೂ ಕೇಳುವುದಿಲ್ಲ. ಮೊಹರಂನಲ್ಲಿ ಹಿಂದೂ-ಮುಸ್ಲಿಮರು ಕೂಡಿ ಹಾಡುವ ರಿವಾಯತ್ ಪದಗಳಿಗೂ ಈ ಶಕ್ತಿ ಇದೆ. ಕರ್ಬಲಾದ ನೆಪದಲ್ಲಿ ಯಾರು ತಮ್ಮ ಮನೆಯವರಿಗೆ ಅತ್ತರೋ, ಕೇಳಿದವರಾರು?

ಈ ಕೆಲಸ ಪದ್ಯವೊಂದರದ್ದೇ ಅಲ್ಲ. ತುರ್ತು ಪರಿಸ್ಥಿತಿಯಲ್ಲಿ, 1976ರ ಮಾರ್ಚ್ 1ರಂದು, ಕಲ್ಲಿಕೋಟೆಯ ಎಂಜಿನಿಯರಿಂಗ್ ವಿದ್ಯಾರ್ಥಿ ರಾಜನ್‌ನನ್ನು ಪೊಲೀಸರು ಒಯ್ದರು. ದೇಹ ಸಿಗಲೇ ಇಲ್ಲ. ತಂದೆ ಈಚರ ವಾರಿಯರ್ ಬರೆದ ನೆನಪುಗಳ ಪುಸ್ತಕ ಗದ್ಯವೇ. ಆದರೂ ಅದು ಕೆಲಸ ಮಾಡುವುದು ಕವಿತೆಯ ಹಾಗೆ, ಉತ್ತರವಿಲ್ಲದ ಪ್ರಶ್ನೆಯಿಂದ.

ಮೇಷ್ಟ್ರುಗಳಿಗೆ, ಕಾಲೇಜಿನ ಹುಡುಗ ಹುಡುಗಿಯರಿಗೆ ನನ್ನದೊಂದು ಕೋರಿಕೆ. 1948 ಕಂಡವರು ಈಗ ಎಂಬತ್ತು ದಾಟಿದ್ದಾರೆ. ನಿಮ್ಮ ಓಣಿಯಲ್ಲಿ, ತಾಂಡಾದಲ್ಲಿ, ಮಸೀದಿ ಹಿಂದಿನ ಮನೆಗಳಲ್ಲಿ ಅವರನ್ನು ಹುಡುಕಿ. ಹಾಡಿದರೆ ಹಾಡು, ಹೇಳಿದರೆ ಮಾತು, ಅವರ ಒಪ್ಪಿಗೆ ಪಡೆದು ಬರೆದಿಟ್ಟುಕೊಳ್ಳಿ. ಒಂದು ಕಡೆಯವರದನ್ನಷ್ಟೇ ಬರೆದುಕೊಂಡು ಬರಬೇಡಿ.