‘ಪಂಕ್’ ಎಂಬ ಮಾತು

‘ಪಂಕ್’ ಎಂದೊಡನೆ ಕನ್ನಡದ ಕಿವಿಗೆ ‘ಪಂಕ’ ನೆನಪಾಗುತ್ತದೆ. ನಮ್ಮ ಕೆಸರಿಗೂ ಈ ಇಂಗ್ಲಿಷ್ ಶಬ್ದಕ್ಕೂ ನಂಟಿಲ್ಲ. ಆದರೂ ಅದರ ಬಾಳು ಕೆಸರಿನಲ್ಲಿಯೇ ಆರಂಭವಾಯಿತೆನ್ನಬೇಕು.

ಷೇಕ್ಸ್‌ಪಿಯರನ ಕಾಲದಲ್ಲಿ ಅದಕ್ಕೆ ವೇಶ್ಯೆಯೆಂದು ಅರ್ಥ. 1604ರಲ್ಲಿ ಇಂಗ್ಲೆಂಡಿನ ಆಸ್ಥಾನದಲ್ಲಿ ಆಡಿದ ‘ಮೆಷರ್ ಫಾರ್ ಮೆಷರ್’ ನಾಟಕದಲ್ಲಿ, ಸಮಾಜದ ಯಾವ ಸ್ಥಾನಕ್ಕೂ ಸಲ್ಲದೆ ನಿಂತ ಹೆಣ್ಣೊಬ್ಬಳನ್ನು ಲೂಸಿಯೊ ಈ ಮಾತಿನಿಂದಲೇ ಹಂಗಿಸುತ್ತಾನೆ. ಅತ್ತ ಅಮೆರಿಕದಲ್ಲಿ ‘ಪಂಕ್’ ಎಂದರೆ ಕೊಳೆತು ಒಣಗಿದ ಮರ, ಚಕಮಕಿಯ ಕಿಡಿಯನ್ನು ಹಿಡಿಯಲು ಒದಗುತ್ತಿದ್ದ ವಸ್ತು. ನಾವು ಊದುಬತ್ತಿಯಿಂದ ಪಟಾಕಿ ಹೊತ್ತಿಸುವಂತೆ ಅಲ್ಲಿಯವರು ಬಳಸುವ ಕಡ್ಡಿಗೆ ಇಂದಿಗೂ ಅದೇ ಹೆಸರು. ಈ ಎರಡು ಅರ್ಥಗಳ ಮೂಲ ಒಂದೆಯೇ ಎಂಬಲ್ಲಿ ನಿಘಂಟುಕಾರರಿಗೆ ಒಮ್ಮತವಿಲ್ಲ. ಮುಂದೆ ಕೆಲಸಕ್ಕೆ ಬಾರದ ವಸ್ತು, ಪುಂಡ ಹುಡುಗ ಎಂದು ಅರ್ಥ ಕವಲೊಡೆಯಿತು. ಅಮೆರಿಕದ ಸೆರೆಮನೆಗಳಲ್ಲಂತೂ, ಬಲಿಷ್ಠ ಕೈದಿಗಳ ಕಾಮಕ್ಕೆ ಬಲಿಯಾದ ದುರ್ಬಲನಿಗೆ ಈ ಹೆಸರು ಅಂಟಿತು.

ಇವೆಲ್ಲ ಇತರರು ಅಂಟಿಸಿದ ಹೆಸರುಗಳು. 1976ರ ಜನವರಿಯಲ್ಲಿ ನ್ಯೂಯಾರ್ಕಿನ ಕೆಲವು ತರುಣರು ತಮ್ಮ ಸಂಗೀತ ಪತ್ರಿಕೆಗೆ ತಾವೇ ‘ಪಂಕ್’ ಎಂದು ಹೆಸರಿಟ್ಟರು. ಮರುವರ್ಷ ಬ್ರಿಟನ್ನಿನ ರಾಣಿಯ ಆಳ್ವಿಕೆಗೆ ಬೆಳ್ಳಿಹಬ್ಬ. ಲಂಡನ್ನಿನ ‘ಸೆಕ್ಸ್ ಪಿಸ್ಟಲ್ಸ್’ ತಂಡ ರಾಷ್ಟ್ರಗೀತೆಯ ಹೆಸರನ್ನೇ ತನ್ನ ಅಣಕದ ಹಾಡಿಗೆ ಇಟ್ಟಿತು, ಬಿ.ಬಿ.ಸಿ. ಅದನ್ನು ನಿಷೇಧಿಸಿತು. ಹರಿದ ಅಂಗಿ, ಅದಕ್ಕೆ ಚುಚ್ಚಿದ ಪಿನ್ನು ಆ ತರುಣರ ಒಡವೆಗಳಾದವು. ಕೆಸರಿನಲ್ಲಿ ಹುಟ್ಟಿದ ಹೂವನ್ನು ನಾವು ಪಂಕಜವೆಂದು ಗೌರವಿಸಿದೆವು; ಇವರು ಕೆಸರನ್ನೇ ಹಣೆಗೆ ಹಚ್ಚಿಕೊಂಡರು.

ಅನಂತರ ಸಾಹಿತ್ಯ ಅದನ್ನು ಎತ್ತಿಕೊಂಡಿತು. 1983ರಲ್ಲಿ ಬ್ರೂಸ್ ಬೆತ್ಕೆ ಎಂಬ ಅಮೆರಿಕದ ಲೇಖಕನ ‘ಸೈಬರ್‌ಪಂಕ್’ ಕತೆ ಪ್ರಕಟವಾಯಿತು, 1987ರಲ್ಲಿ ಕೆ. ಡಬ್ಲ್ಯು. ಜೀಟರ್ ‘ಸ್ಟೀಮ್‌ಪಂಕ್’ ಎಂಬ ಶಬ್ದವನ್ನು ಟಂಕಿಸಿದ. ಬೈಗುಳವೊಂದು ಪ್ರತ್ಯಯವಾಯಿತು! ವ್ಯಾಕರಣಕ್ಕೆ ಒಗ್ಗಿದ ಮೇಲೆ ಅದರ ವಿಷ ಇಳಿಯಿತೆಂದು ಯಾರಿಗಾದರೂ ತೋರೀತು.

ನನಗೆ ಹಾಗೆ ತೋರುವುದಿಲ್ಲ. 2011ರ ಡಿಸೆಂಬರಿನಲ್ಲಿ ಇಂಡೋನೇಷ್ಯದ ಅಚೆ ಪ್ರಾಂತ್ಯದ ಪೊಲೀಸರು ಸಂಗೀತಗೋಷ್ಠಿಗೆ ನೆರೆದಿದ್ದ 60ಕ್ಕೂ ಹೆಚ್ಚು ಪಂಕ್ ತರುಣ ತರುಣಿಯರನ್ನು ಹಿಡಿದೊಯ್ದು, ಹುಡುಗರ ತಲೆ ಬೋಳಿಸಿ, ‘ತಿದ್ದುವ’ ಶಿಬಿರದಲ್ಲಿ ಇರಿಸಿದರು. ಬಯಸಿ ತೊಟ್ಟ ಹೆಸರಿಗೂ ಇಷ್ಟು ದಂಡ. ಇನ್ನು ಸೆರೆಮನೆಯ ಆ ದುರ್ಬಲನೋ, ಅದನ್ನು ಬಯಸಿದವನೂ ಅಲ್ಲ, ಕಳಚಿಡಬಲ್ಲವನೂ ಅಲ್ಲ. ನಿಘಂಟು ಈ ಅರ್ಥಗಳಿಗೆಲ್ಲ ಅಂಕಿಯಿಟ್ಟು ಒಂದರ ಕೆಳಗೊಂದು ಬರೆಯುತ್ತದೆ. ಮಾತನ್ನು ಆಡಿದವರು ಯಾರು, ಅದು ಯಾರ ಮೇಲೆ ಬಿತ್ತು ಎಂಬುದನ್ನು ಮಾತ್ರ ನಾವೇ ಕೇಳಿಕೊಳ್ಳಬೇಕು.