ಸಂಜೆಬೆಳಕಿನಲ್ಲಿ ಮರುಭೂಮಿಯ ಬಂಡೆಗಳು
(ಕನ್ನಡ ಕೂಟದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ವೈದ್ಯನನ್ನು ಭಾಷಣಕ್ಕೆ ಕರೆದರೆ ಆತ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಬಗ್ಗೆ ಮಾತನಾಡಬೇಕೆಂಬುದು ನಮ್ಮ ಕೂಟಗಳ ಸಂಪ್ರದಾಯ. ಅದನ್ನು ಕೇಳಿದವರು ಆಮೇಲೆ ಹೋಳಿಗೆಯನ್ನು ಕದ್ದು ತಿನ್ನುವವರಂತೆ ತಿನ್ನಬೇಕಾಗುತ್ತದೆ. ಇಂದು ನಿಮಗೆ ಆ ಸಂಕಟವಿಲ್ಲ. ನನ್ನ ವೃತ್ತಿಯನ್ನು ಬದಿಗಿಟ್ಟು, ಇಪ್ಪತ್ತೈದು ವರ್ಷಗಳಿಂದ ನನ್ನ ರಜೆಗಳನ್ನೆಲ್ಲ ನುಂಗಿರುವ ಹವ್ಯಾಸವೊಂದನ್ನು ಕುರಿತು ಮಾತನಾಡಲು ಸಮಿತಿಯವರು ಅನುಮತಿ ಕೊಟ್ಟಿದ್ದಾರೆ. ಆದರೂ ವೃತ್ತಿ ನಡುವೆ ಒಮ್ಮೆ ತಲೆಹಾಕುತ್ತದೆ, ಅದಕ್ಕೆ ಕಾರಣವಿದೆ.

ಬಳ್ಳಾರಿಯಲ್ಲಿ ಎಂ.ಬಿ.ಬಿ.ಎಸ್. ಓದುತ್ತಿದ್ದಾಗ ಹಾಸ್ಟೆಲಿನ ಗೆಳೆಯನೊಬ್ಬನಿಂದ ಕ್ಯಾಮೆರಾ ಎರವಲು ಪಡೆದು, ಭಾನುವಾರ ಹೊಸಪೇಟೆಯ ಬಸ್ಸು ಹತ್ತಿ ಹಂಪಿಗೆ ಹೋಗುತ್ತಿದ್ದೆ. ಮೂವತ್ತಾರು ಚಿತ್ರಗಳ ಒಂದು ರೀಲು ಎರಡು ತಿಂಗಳು ಬರಬೇಕಿತ್ತು. ಮಾಲ್ಯವಂತ ಗುಡ್ಡದ ಮೇಲೆ ಕುಳಿತು ಕಲ್ಲುಗುಂಡುಗಳು ಹೊನ್ನಿನ ಬಣ್ಣಕ್ಕೆ ತಿರುಗುವುದನ್ನು ನೋಡುತ್ತಿದ್ದೆ. ಸೂರ್ಯ ಮುಳುಗಿದೊಡನೆ, ಕಡೆಯ ಬಸ್ಸು ತಪ್ಪೀತೆಂದು ಓಡುತ್ತಿದ್ದೆ. ಆ ಓಟದಲ್ಲಿ ನಾನು ಕಳೆದುಕೊಂಡದ್ದೇನೆಂಬುದು ತಿಳಿಯಲು ಸಮುದ್ರ ದಾಟಿ, ರೆಸಿಡೆನ್ಸಿ ಮುಗಿಸಿ, ಟೆಕ್ಸಾಸಿಗೆ ಬರಬೇಕಾಯಿತು.

ಹಂಪಿಯನ್ನು ಮೊಟ್ಟಮೊದಲು ಕ್ಯಾಮೆರಾದಲ್ಲಿ ಹಿಡಿದವರ ಸಾಲಿನಲ್ಲಿ ನಿಲ್ಲುವವನು ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದರಾಸು ಸೈನ್ಯದ ಅಧಿಕಾರಿ. 1856ರಲ್ಲಿ ಆತ ಮೇಣ ಹಚ್ಚಿದ ಕಾಗದದ ದೊಡ್ಡ ದೊಡ್ಡ ನೆಗೆಟಿವ್‌ಗಳ ಮೇಲೆ ಆ ಹಾಳೂರನ್ನು ಮೂಡಿಸಿದ. ಸುಮಾರು ನೂರಿಪ್ಪತ್ತೈದು ವರ್ಷಗಳ ನಂತರ, 1980ರ ದಶಕದಲ್ಲಿ, ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವನು ನಿಂತಲ್ಲಿಯೇ ನಿಂತು ಅದೇ ನೋಟಗಳನ್ನು ಮತ್ತೆ ತೆಗೆದರು. ಗ್ರೀನ್‌ಲಾನ ಕಾಲದ ಕಾಗದಕ್ಕೆ ಒಂದು ದೋಷವಿತ್ತು. ಅದು ನೀಲಿ ಬೆಳಕಿಗೆ ಬಹಳ ಬೇಗ ಸೋಲುತ್ತಿತ್ತು, ಕೆಂಪನ್ನು ಕಾಣುತ್ತಲೇ ಇರಲಿಲ್ಲ. ಬಂಡೆ ಮೂಡುವಷ್ಟರಲ್ಲಿ ಆಕಾಶ ಬರಿಯ ಬಿಳುಪಾಗಿ, ಮೋಡ ಕರಗಿಹೋಗುತ್ತಿತ್ತು. ಅದೇ ವರ್ಷಗಳಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರಕ್ಕೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು, ಎರಡನ್ನೂ ಸೇರಿಸಿ ಅಚ್ಚುಹಾಕುವ ಉಪಾಯ ಹೂಡಿದ. ಕಾರ್ಮೋಡದ ಕೆಳಗೆ ಹೊಳೆಯುವ ಬಂಡೆ ಎಂಬುದು ಆ ಹಿರಿಯರ ಕೈಗೆ ಸುಲಭವಾಗಿ ಸಿಕ್ಕದ ವಸ್ತು.

ಇನ್ನು ನಮ್ಮ ಟೆಕ್ಸಾಸ್. ನನ್ನ ಊರಾದ ಹ್ಯೂಸ್ಟನ್ನಿನಲ್ಲಿ ಎತ್ತರದ ಜಾಗವೆಂದರೆ ಫ್ರೀವೇಯ ಮೇಲ್ಸೇತುವೆ. ಡಲ್ಲಾಸಿನ ಮಿತ್ರರು ತಮ್ಮಲ್ಲಿ ದಿಣ್ಣೆಗಳಿವೆ ಎಂದು ವಾದಿಸುತ್ತಾರೆ, ನಾನು ನೋಡಿಲ್ಲ. ಕಲ್ಲಿನ ಹಸಿವಿದ್ದ ನನಗೆ ಮೊದಲು ಅನ್ನವಿಟ್ಟದ್ದು ಆಸ್ಟಿನ್ನಿನಿಂದ ಎರಡು ಗಂಟೆ ದಾರಿಯ ಎನ್‌ಚಾಂಟೆಡ್ ರಾಕ್. ಫ್ರೆಡರಿಕ್ಸ್‌ಬರ್ಗ್‌ನ ಉತ್ತರಕ್ಕಿರುವ ಈ ನಸುಗೆಂಪು ಗ್ರಾನೈಟ್ ಗುಮ್ಮಟ ಸುತ್ತಲಿನ ನೆಲದಿಂದ 425 ಅಡಿ ಮೇಲೇಳುತ್ತದೆ. ಅದರ ವಯಸ್ಸು ನೂರು ಕೋಟಿ ವರ್ಷಕ್ಕೂ ಹೆಚ್ಚು. ಹಂಪಿಯ ಕಲ್ಲಿಗೆ ಸುಮಾರು 250 ಕೋಟಿ, ಹಿರಿಯಣ್ಣ ನಮ್ಮವನೇ. ಬಿರುಕಿನಲ್ಲಿ ನೀರಿಳಿದು, ಮೂಲೆಗಳು ಮೊದಲು ಸವೆದು, ಚೌಕದ ಕಲ್ಲು ಗುಂಡಾಗುವ ಕ್ರಮ ಎರಡೂ ಕಡೆ ಒಂದೇ. ಹಗಲು ಕಾದ ಬಂಡೆ ರಾತ್ರಿ ತಣಿಯುವಾಗ ಕಿರುಗುಟ್ಟುತ್ತದೆಂದು ಹೇಳುತ್ತಾರೆ. ಆದರೆ ಅದು ಮರುಭೂಮಿಯಲ್ಲ. ಅಲ್ಲಿ ಓಕ್ ಮರಗಳೂ ತೊರೆಯೂ ಇವೆ.

ಮರುಭೂಮಿ ಬೇಕಾದವರು ಹತ್ತನೆಯ ಇಂಟರ್‌ಸ್ಟೇಟ್ ಹಿಡಿದು ಫೋರ್ಟ್ ಸ್ಟಾಕ್ಟನ್‌ವರೆಗೆ ಹೋಗಿ, ಅಲ್ಲಿಂದ ದಕ್ಷಿಣಕ್ಕೆ ತಿರುಗಬೇಕು. ಮ್ಯಾರಥಾನ್ ಎಂಬ ಪುಟ್ಟ ಊರು ಹಿಂದಾದ ಮೇಲೆ ಚಿವಾವಾ ಮರುಭೂಮಿಯ ನಡುವೆ ಬಿಗ್ ಬೆಂಡ್ ಸಿಗುತ್ತದೆ. 1944ರಲ್ಲಿ ರಾಷ್ಟ್ರೀಯ ಉದ್ಯಾನವಾದ ಎಂಟು ಲಕ್ಷ ಎಕರೆಗಳ ಪ್ರದೇಶ ಅದು. ಹ್ಯೂಸ್ಟನ್ನಿನಿಂದ ಒಂಬತ್ತು-ಹತ್ತು ಗಂಟೆಯ ಪ್ರಯಾಣ. ಬುತ್ತಿಗೆ ಚಪಾತಿ ಚಟ್ನಿಪುಡಿ ಕಟ್ಟಿಕೊಂಡೇ ಹೊರಡಿ. ನಡುವೆ ಚಿಸೋಸ್ ಬೆಟ್ಟಗಳು, ಉತ್ತರಕ್ಕೆ ಗ್ರೇಪ್‌ವೈನ್ ಹಿಲ್ಸ್‌ನ ಕಲ್ಲುಗುಂಡುಗಳು, ಪೂರ್ವಕ್ಕೆ ರಿಯೊ ಗ್ರ್ಯಾಂಡ್ ನದಿಯಾಚೆ ಮೆಕ್ಸಿಕೊ ನೆಲದಲ್ಲಿ ನಿಂತಿರುವ ಸಿಯೆರಾ ಡೆಲ್ ಕಾರ್ಮೆನ್ ಎಂಬ ಸುಣ್ಣಕಲ್ಲಿನ ಗೋಡೆ.

ಸಂಜೆಯ ಪಾಠವನ್ನು ನಾನು ಕಲಿತದ್ದು ಆ ಗೋಡೆಯ ಮುಂದೆ. ಸೂರ್ಯಾಸ್ತ ನೋಡಲು ಬಂದವರೆಲ್ಲ ಪಶ್ಚಿಮಕ್ಕೆ ಮುಖಮಾಡುತ್ತಾರೆ. ಬಂಡೆಯ ಚಿತ್ರ ಬೇಕಾದವನು ಸೂರ್ಯನಿಗೆ ಬೆನ್ನುಕೊಡಬೇಕು. ದಿಗಂತ ಮುಟ್ಟಿದ ಸೂರ್ಯನ ಬೆಳಕು, ನೆತ್ತಿಯ ಮೇಲಿದ್ದಾಗಿನದಕ್ಕಿಂತ ಸುಮಾರು 38 ಪಟ್ಟು ಗಾಳಿಯನ್ನು ಹಾದು ಬರುತ್ತದೆ. ದಾರಿಯಲ್ಲಿ ನೀಲಿ ಚದುರಿ, ಉಳಿದ ಕೆಂಪು ಆ ಗೋಡೆಯ ಮೇಲೆ ಬೀಳುತ್ತದೆ. ಬೂದುಬಣ್ಣದ ಸುಣ್ಣಕಲ್ಲು ಅರಿಶಿನವಾಗಿ, ಕಿತ್ತಳೆಯಾಗಿ, ಗುಲಾಬಿಯಾಗಿ, ಕೊನೆಗೆ ನೇರಳೆಯಾಗುತ್ತದೆ. ಇದಾದ ಮೇಲೆ ಕಲ್ಲು ಸತ್ತಂತೆ ಕಂಡು, ಜನ ಕಾರು ಹತ್ತುತ್ತಾರೆ. ಆದರೆ ನೆತ್ತಿಯ ಮೇಲೆ ಮೋಡವಿದ್ದು, ಪಶ್ಚಿಮದ ಅಂಚು ತೆರೆದಿದ್ದರೆ, ಹತ್ತು ಹದಿನೈದು ನಿಮಿಷಗಳಲ್ಲಿ ದಿಗಂತದ ಕೆಳಗಿನ ಸೂರ್ಯ ಮೋಡದ ಹೊಟ್ಟೆಗೆ ಬೆಂಕಿ ಹಚ್ಚುತ್ತಾನೆ; ಆ ಕೆಂಪು ಕೆಳಗಿಳಿದು ಬಂಡೆ ಎರಡನೆಯ ಬಾರಿ ಬೆಳಗುತ್ತದೆ, ನೆರಳೇ ಇಲ್ಲದ ಮೃದುವಾದ ಬೆಳಕಿನಲ್ಲಿ. ಮಾಲ್ಯವಂತದಲ್ಲಿ ನಾನು ಬಸ್ಸಿಗಾಗಿ ಬಿಟ್ಟು ಓಡಿದ್ದು ಇದನ್ನೇ.

ನಮ್ಮ ನಾಡಿನಲ್ಲಿ ಮುಸ್ಸಂಜೆ ಬೇಗ ಕತ್ತಲಾಗುತ್ತದೆ, ಇಲ್ಲಿ ನಿಧಾನ, ಆದ್ದರಿಂದ ಇಲ್ಲಿ ಸುಲಭ ಎಂದು ಕೆಲವರು ಹೇಳುವುದುಂಟು. ಲೆಕ್ಕಹಾಕಿ ನೋಡಿದೆ. ಹಗಲಿರುಳು ಸಮವಾದ ದಿನಗಳಲ್ಲಿ, 15ನೆಯ ಅಕ್ಷಾಂಶದ ಹಂಪಿಗೂ 29ರ ಬಿಗ್ ಬೆಂಡಿಗೂ ಸಂಧ್ಯಾಕಾಲದಲ್ಲಿ ಇರುವ ವ್ಯತ್ಯಾಸ ಎರಡು ಮೂರು ನಿಮಿಷ ಮಾತ್ರ. ಸಿಗುವ ಹೊತ್ತು ಹೆಚ್ಚುಕಡಿಮೆ ಒಂದೇ. ನಾನು ಮಾತ್ರ ಇಲ್ಲಿ ಬಸ್ಸಿಗೆ ಓಡಬೇಕಾಗಿರಲಿಲ್ಲ.

ಬೇಗ ಹೊರಟುಬಿಡಲು ನಮ್ಮ ಕಣ್ಣೇ ಪ್ರೇರೇಪಿಸುತ್ತದೆ. ಬೆಳಕು ಕುಗ್ಗಿದಂತೆ, ಬಣ್ಣ ಗುರುತಿಸುವ ಕೋಶಗಳು ಹಿಂದೆ ಸರಿದು, ಮಬ್ಬಿನಲ್ಲಿ ಕಾಣುವ ಕೋಶಗಳು ಮುಂದೆ ಬರುತ್ತವೆ. ಇವುಗಳಿಗೆ ಕೆಂಪು ಬಹುಮಟ್ಟಿಗೆ ಕಾಣದು. 19ನೆಯ ಶತಮಾನದ ಆರಂಭದಲ್ಲಿ ಪುರ್ಕಿನ್ಯೆ ಎಂಬ ಶರೀರವಿಜ್ಞಾನಿ ಮುಸ್ಸಂಜೆಯಲ್ಲಿ ಕೆಂಪು ಹೂ ಕಪ್ಪಾಗಿ, ಹಸಿರೆಲೆ ಬೆಳಗುವುದನ್ನು ಗಮನಿಸಿದ. ಕೆಂಪು ಬಂಡೆಗೂ ಅದೇ ಗತಿ. ಕ್ಯಾಮೆರಾಕ್ಕೆ ಈ ದೌರ್ಬಲ್ಯವಿಲ್ಲ. ಮುಕ್ಕಾಲಿಯ ಮೇಲಿಟ್ಟು ಅರ್ಧ ನಿಮಿಷ ಬಾಗಿಲು ತೆರೆದರೆ, ನಾವು ಬೂದಿಯೆಂದುಕೊಂಡ ಕಲ್ಲಿನಲ್ಲಿ ಅದು ಕೆಂಡವನ್ನು ಕಾಣುತ್ತದೆ.

ಉಪಕರಣಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಂದೆ ನಾನು ಬಳಸುತ್ತಿದ್ದ ಸ್ಲೈಡ್ ಫಿಲ್ಮ್ ಸುಮಾರು ಐದು ಸ್ಟಾಪ್‌ಗಳ, ಎಂದರೆ ಮೂವತ್ತೆರಡು ಪಟ್ಟಿನ, ಬೆಳಕಿನ ಅಂತರವನ್ನು ಮಾತ್ರ ತಾಳುತ್ತಿತ್ತು. ಉರಿಯುವ ಮೋಡಕ್ಕೂ ನೆರಳಿನ ಬಂಡೆಗೂ ಅದಕ್ಕಿಂತ ಹೆಚ್ಚು ಅಂತರವಿರುವುದೇ ಸಾಮಾನ್ಯವಾದ್ದರಿಂದ, ಅರ್ಧ ಕಪ್ಪಾದ ಗಾಜನ್ನು ಲೆನ್ಸಿನ ಮುಂದೆ ಹಿಡಿದು ಆಕಾಶವನ್ನು ತಗ್ಗಿಸುತ್ತಿದ್ದೆವು. ಇಂದಿನ ಡಿಜಿಟಲ್ ಕ್ಯಾಮೆರಾಗಳು ಹನ್ನೆರಡು ಸ್ಟಾಪ್‌ಗೂ ಮೀರಿ ತಾಳುತ್ತವೆ. ಗಾಜು ಪೆಟ್ಟಿಗೆ ಸೇರಿದೆ.

ಈಗ ಬಿರುಗಾಳಿಯ ಮಾತು. ಮರುಭೂಮಿಯಲ್ಲಿ ಬೇಸಿಗೆಯ ಕೊನೆಯ ಮಧ್ಯಾಹ್ನಗಳಲ್ಲಿ ಮೋಡ ಕಟ್ಟಿ ಗುಡುಗುತ್ತದೆ. ಮಳೆ ಗಾಳಿಯ ಧೂಳನ್ನು ತೊಳೆಯುತ್ತದೆ. ಹಿಂದೆ ಇದ್ದಿಲು ಬಣ್ಣದ ಆಕಾಶ, ಮುಂದೆ ಪಶ್ಚಿಮದ ಕಿಂಡಿಯಿಂದ ಬಂದ ಬೆಳಕಿನಲ್ಲಿ ಮಿಂದ ಕಲ್ಲು. ಇದಕ್ಕಿಂತ ಮೇಲಾದ ನೋಟವನ್ನು ನಾನು ಕಂಡಿಲ್ಲ. ಆ ಆಸೆಯೇ ಮುಂದೆ ಹೇಳುವ ಘಟನೆಗೆ ಕಾರಣ.

2014ರ ಲೇಬರ್ ಡೇ ವಾರಾಂತ್ಯ. ಆಗ ಹದಿಮೂರು ವರ್ಷದವಳಾಗಿದ್ದ ಮಗಳೊಡನೆ ಗ್ರೇಪ್‌ವೈನ್ ಹಿಲ್ಸ್‌ನ ಬ್ಯಾಲೆನ್ಸ್‌ಡ್ ರಾಕ್‌ಗೆ ಹೋಗಿದ್ದೆ. ಎರಡು ಬಂಡೆಗಳ ಮೇಲೆ ಮೂರನೆಯದು ಕುಳಿತು ಕಿಟಕಿಯಂತಾಗಿರುವ ಸ್ಥಳವದು. ಕಚ್ಚಾರಸ್ತೆಯಲ್ಲಿ ಕಾರು ಬಿಟ್ಟು ಒಂದು ಮೈಲಿಗಿಂತ ಸ್ವಲ್ಪ ಹೆಚ್ಚು ನಡೆಯಬೇಕು. ಕಡೆಯ ಭಾಗದಲ್ಲಿ ಕಲ್ಲುಗಳ ಮೇಲೆ ಕೈಯೂರಿ ಹತ್ತಬೇಕು. ದಕ್ಷಿಣದಲ್ಲಿ ಚಿಸೋಸ್ ಮೇಲೆ ಮೋಡ ಕಪ್ಪಾಗುತ್ತಿತ್ತು. ಮಿಂಚಿನಿಂದ ಗುಡುಗಿನವರೆಗೆ ಎಣಿಸಿದೆ: ಇಪ್ಪತ್ತೈದು. ಐದು ಸೆಕೆಂಡಿಗೆ ಒಂದು ಮೈಲಿಯಂತೆ ಐದು ಮೈಲಿ ದೂರ. ಪರವಾಗಿಲ್ಲ ಎಂದುಕೊಂಡೆ. ಹತ್ತು ಮೈಲಿ ದೂರದ ಮೋಡದಿಂದಲೂ ಸಿಡಿಲು ಬಡಿಯಬಲ್ಲದೆಂದು ನಾನು ಓದಿದ್ದೆ. ಆ ಗಳಿಗೆಯಲ್ಲಿ ಅದು ಪುಸ್ತಕದ ಮಾತಾಗಿತ್ತು. ಪಶ್ಚಿಮದ ಕಿಂಡಿ ತೆರೆಯಿತು, ಬಂಡೆ ಹೊತ್ತಿಕೊಂಡಿತು. ಚಿತ್ರ ತೆಗೆಯುತ್ತಾ ಮತ್ತೆ ಎಣಿಸಿದೆ: ಹದಿನಾರು. ಇನ್ನೊಂದು ಚಿತ್ರ. ಒಂಬತ್ತು. ಇನ್ನೊಂದೇ ಎಂದು ಕ್ಯಾಮೆರಾಕ್ಕೆ ಬಗ್ಗಿದಾಗ ಹಿಂದಿನಿಂದ ಮಗಳು, "ಅಪ್ಪಾ, ನನ್ನ ಕೂದಲು ಯಾಕೋ ಮೇಲೇಳ್ತಿದೆ" ಎಂದಳು.

ತಿರುಗಿ ನೋಡಿದೆ. ಅವಳ ಜಡೆಯಿಂದ ಬಿಡಿಸಿಕೊಂಡ ಎಳೆಗಳು ತಲೆಯ ಸುತ್ತ ನೆಟ್ಟಗೆ ನಿಂತಿದ್ದವು. ಅವಳಿಗೆ ನಗು. ಅದರ ಅರ್ಥ ನನಗೆ ಗೊತ್ತಿತ್ತು. ಮುಕ್ಕಾಲಿಯನ್ನು ಅಲ್ಲಿಯೇ ಬಿಟ್ಟು, ಅವಳ ಕೈಹಿಡಿದು ಬಂಡೆಗಳ ನಡುವಿನ ತಗ್ಗಿಗೆ ಧುಮುಕಿದಂತೆ ಇಳಿದೆ. ಸಿಡಿಲು ಎಲ್ಲಿ ಬಿತ್ತೋ ನೋಡಲಿಲ್ಲ. ಶಬ್ದ ಮತ್ತು ಬೆಳಕು ಒಟ್ಟಿಗೇ ಬಂದವು. ಸುರಿಯುವ ಮಳೆಯಲ್ಲಿ ಕಾರು ಸೇರಲು ಅರ್ಧ ಗಂಟೆಯ ಮೇಲಾಯಿತು. ಅಷ್ಟು ದೂರ ನಾವು ಬಯಲಿನಲ್ಲಿದ್ದೆವು.

ಕಾರಿನಲ್ಲಿ ತಲೆ ಒರೆಸಿಕೊಳ್ಳುತ್ತಾ ಅವಳು ಕೇಳಿದಳು: "ಅಪ್ಪಾ, ನೀನು ಎಣಿಸ್ತಿದ್ದೆ ಅಲ್ವಾ? ಕೊನೇಲಿ ಎಷ್ಟಾಗಿತ್ತು?" ನೆನಪಿಲ್ಲ ಎಂದೆ. ಒಂಬತ್ತು ಎಂದು ಅವಳಿಗೆ ಹೇಳಿದ್ದು ಐದು ವರ್ಷಗಳ ನಂತರ, ಅವಳನ್ನು ಕಾಲೇಜಿಗೆ ಬಿಟ್ಟುಬರಲು ಹೋದಾಗ. "ನನಗೆ ಕೇಳಿಸಿತ್ತು" ಎಂದಳು.

ವೈದ್ಯನಾಗಿ ನಾನು ಹೇಳಬೇಕಾದದ್ದು ಇಷ್ಟು. ಗುಡುಗು ಕೇಳಿಸಿತೆಂದರೆ ನೀವು ಸಿಡಿಲಿನ ಅಳತೆಯೊಳಗೆ ಇದ್ದೀರಿ. ಮರಳಿ ಕಾರಿಗೆ ಎಷ್ಟು ಹೊತ್ತಾದೀತು ಎಂಬುದೇ ಮುಖ್ಯವಾದ ಲೆಕ್ಕ. ಗಟ್ಟಿ ಛಾವಣಿಯ ಕಾರು ಸುರಕ್ಷಿತ. ಕಡೆಯ ಗುಡುಗಿನಿಂದ ಅರ್ಧ ಗಂಟೆ ಅದರಿಂದ ಹೊರಬರಬಾರದು. ಸಿಡಿಲು ಬಡಿದವರನ್ನು ಮುಟ್ಟಲು ಹೆದರಬೇಡಿ, ಅವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಹಲವರು ಒಟ್ಟಿಗೆ ಬಿದ್ದಿದ್ದರೆ ನರಳುತ್ತಿರುವವರನ್ನು ಬಿಟ್ಟು, ಉಸಿರಿಲ್ಲದೆ ಬಿದ್ದವರ ಬಳಿಗೇ ಮೊದಲು ಓಡಿ. ಇತರ ಅಪಘಾತಗಳಲ್ಲಿ ನಾವು ಮಾಡುವುದಕ್ಕೆ ಇದು ತದ್ವಿರುದ್ಧ. ಸಿಡಿಲಿಗೆ ನಿಂತ ಹೃದಯ ಎಷ್ಟೋ ವೇಳೆ ತಾನಾಗಿ ಮತ್ತೆ ಬಡಿಯತೊಡಗುತ್ತದೆ, ಆದರೆ ಉಸಿರಾಟಕ್ಕೆ ನಿಮ್ಮ ನೆರವು ಬೇಕು.

ಮುಕ್ಕಾಲಿಯನ್ನೂ ಕ್ಯಾಮೆರಾವನ್ನೂ ಮರುದಿನ ಬೆಳಗ್ಗೆ ಹೋಗಿ ತಂದೆವು. ನೀರು ಹೊಕ್ಕು ಕ್ಯಾಮೆರಾ ಕೆಟ್ಟಿತ್ತು, ಒಳಗಿನ ಚಿತ್ರಗಳು ಉಳಿದಿದ್ದವು. ಒಂಬತ್ತು ಎಣಿಸಿದ ಮೇಲಿನ ಆ ಚಿತ್ರ ನಾನು ತೆಗೆದವುಗಳಲ್ಲೆಲ್ಲ ಉತ್ತಮವಾದದ್ದೆಂದು ನೋಡಿದವರು ಹೇಳುತ್ತಾರೆ. ಅದನ್ನು ಹಜಾರದಲ್ಲಿ ತೂಗುಹಾಕಲು ನನ್ನ ಶ್ರೀಮತಿ ಒಪ್ಪಲಿಲ್ಲ; ಇಂದಿನ ಸರಣಿಯಲ್ಲಿಯೂ ಅದು ಇಲ್ಲ.

ಉಳಿದವನ್ನು ತೋರಿಸುತ್ತೇನೆ. ಹಿಂದೆ ಕುಳಿತಿರುವ ಹುಡುಗರು ದಯವಿಟ್ಟು ದೀಪ ಆರಿಸಿರಿ. ಮೊದಲನೆಯದು ಸಿಯೆರಾ ಡೆಲ್ ಕಾರ್ಮೆನ್, ಸೂರ್ಯ ಮುಳುಗಿ ಹದಿಮೂರು ನಿಮಿಷಗಳ ನಂತರ.