ಪಾಸ್‌ವರ್ಡ್ ಸರಿ ಇತ್ತು, ಗಡಿಯಾರ ತಪ್ಪಿತ್ತು

ನಾನು ಬಿ.ಕಾಂ. ಓದಿದವನು, ಮೊದಲೇ ಹೇಳಿಬಿಡ್ತೀನಿ. ಆಡಿಟ್ ಆಫೀಸಲ್ಲಿ ಕೆಲಸಕ್ಕಿದ್ದಾಗಿನ ಕಥೆ. ಅವತ್ತು 19ನೇ ತಾರೀಕು, ಮರುದಿನ ಜಿಎಸ್‌ಟಿ ರಿಟರ್ನ್‌ಗೆ ಕೊನೇ ದಿನ. ಕ್ಲೈಂಟ್ ಫೈಲುಗಳೆಲ್ಲ ಸರ್ವರಲ್ಲಿ. ನನ್ನದು ಹಳೇ ಲ್ಯಾಪ್‌ಟಾಪ್, ವಿಂಡೋಸ್ ಪಕ್ಕದಲ್ಲೇ ಉಬುಂಟು. ಉಬುಂಟುವನ್ನ ಆಕ್ಟಿವ್ ಡೈರೆಕ್ಟರಿ ಡೊಮೇನ್‌ಗೆ ಸೇರಿಸಬೇಕಿತ್ತು.

ಮೊದಲು ಡೊಮೇನೇ ಸಿಗಲಿಲ್ಲ. ಡಿಎನ್‌ಎಸ್‌ಗೆ ನಾನೇ ಗೂಗಲ್‌ನ 8.8.8.8 ಹಾಕಿದ್ದೆ. ಆಫೀಸಿನ ಒಳಗಿನ ಹೆಸರು ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ಡೊಮೇನ್ ಕಂಟ್ರೋಲರ್‌ನ ಐಪಿ ಕೊಟ್ಟೆ, 'ರೆಲ್ಮ್ ಡಿಸ್ಕವರ್' ಅಂದ ತಕ್ಷಣ ಕಾಣಿಸ್ತು.

ಜಾಯಿನ್ ಕೊಟ್ರೆ ಮತ್ತೆ ಫೇಲ್. ಪಾಸ್‌ವರ್ಡ್ ತಪ್ಪಿರಬೇಕು ಅಂತ ಅಡ್ಮಿನ್ ಸರ್ ಕೈಲಿ ಮೂರು ಸಲ ಟೈಪ್ ಮಾಡಿಸಿದೆ. ಅವರ ಮುಖ ನೋಡಬೇಕಿತ್ತು! ಕೊನೆಗೆ ವರ್ಬೋಸ್ ಹಾಕಿ ಪೂರ್ತಿ ಮೆಸೇಜ್ ಓದಿದಾಗ ಸಿಕ್ತು: 'ಕ್ಲಾಕ್ ಸ್ಕ್ಯೂ ಟೂ ಗ್ರೇಟ್'. ಲಾಗಿನ್ ಪರೀಕ್ಷಿಸೋ ಕರ್ಬರೋಸ್‌ಗೆ ಎರಡೂ ಕಡೆಯ ಟೈಮ್ ಹೊಂದಬೇಕು, ಸಾಮಾನ್ಯವಾಗಿ 5 ನಿಮಿಷದೊಳಗೆ. ಕದ್ದ ಹಳೇ ಮೆಸೇಜನ್ನ ಯಾರೂ ಮತ್ತೆ ಕಳಿಸಬಾರದು ಅಂತ ಈ ಕಟ್ಟುನಿಟ್ಟು.

ಗೋಡೆ ಮೇಲೆ ಬೆಳಿಗ್ಗೆ 10. ನನ್ನ ಲ್ಯಾಪ್‌ಟಾಪಲ್ಲಿ ಮಧ್ಯಾಹ್ನ 3:30! ವಿಂಡೋಸ್ ಮದರ್‌ಬೋರ್ಡ್ ಗಡಿಯಾರದಲ್ಲಿ ಭಾರತದ ಟೈಮ್ ಇಡುತ್ತೆ. ಉಬುಂಟು ಅದನ್ನೇ ಯುಟಿಸಿ ಅಂದುಕೊಂಡು ಇನ್ನೊಂದು ಐದೂವರೆ ಗಂಟೆ ಕೂಡಿಸಿತ್ತು. ಮನೇಲಿ ಇಂಟರ್‌ನೆಟ್ ಟೈಮ್ ಸರಿಮಾಡ್ತಿತ್ತು, ಆಫೀಸ್ ಫೈರ್‌ವಾಲ್ ಅದನ್ನ ತಡೆದಿತ್ತು. ಟೈಮ್ ಸರ್ವರ್ ಜಾಗಕ್ಕೂ ಡೊಮೇನ್ ಕಂಟ್ರೋಲರ್ ವಿಳಾಸ ಹಾಕಿದೆ. ನಾಲ್ಕನೇ ಸಲ, ಅದೇ ಪಾಸ್‌ವರ್ಡ್, ಸೇರಿಕೊಳ್ತು.

ಲಾಗಿನ್ ಆದ್ರೆ ಹೋಮ್ ಫೋಲ್ಡರ್ ಇಲ್ಲ. 'ಪ್ಯಾಮ್-ಆತ್-ಅಪ್‌ಡೇಟ್'ನಲ್ಲಿ ಒಂದು ಟಿಕ್ ಬಾಕಿ ಇತ್ತು, ಹಾಕಿದೆ. ರಿಟರ್ನ್ ಅವತ್ತೇ ಸಂಜೆ ಹೋಯ್ತು.